ಬೇರು ಬಂದದ್ದೆಲ್ಲ ರೋಮಬೇರಲ್ಲ: ಕೆಂಪು ಚಿತ್ರಮೂಲದ ಒಂದು ಪ್ರಕರಣ ಅಧ್ಯಯನ

ಕಾಸರಗೋಡಿನ ಬದಿಯಡ್ಕ ಆಸುಪಾಸಿನ ಒಂದು ಸಣ್ಣ ಅಂಗಾಂಶ ಕೃಷಿ ಪ್ರಯೋಗಾಲಯ ಕೆಂಪು ಚಿತ್ರಮೂಲವೆಂಬ ಔಷಧಿ ಗಿಡದಿಂದ ರೋಮಬೇರು, ಅಂದರೆ ಬ್ಯಾಕ್ಟೀರಿಯ ತಾಗಿಸಿ ಎಬ್ಬಿಸುವ ಹೇರಿ ರೂಟ್ ಕಲ್ಚರ್, ಬೆಳೆಸಲು ಹೊರಟಿತ್ತು. ಮೊದಲ ತಿಂಗಳಲ್ಲೇ ಬಾಟಲಿಗಳಲ್ಲಿ ಬೇರು ಚೆನ್ನಾಗಿ ಕಾಣಿಸಿತು. ಕೆಲಸ ಗೆದ್ದಿತೆಂದು ಬೇರುಗಳನ್ನು ಕತ್ತರಿಸಿ ದ್ರವ ಮಾಧ್ಯಮಕ್ಕೆ (ಪೋಷಕ ದ್ರಾವಣಕ್ಕೆ) ಹಾಕಿ ಕುಲುಕುವ ಶೇಕರ್ ಮೇಲೆ ಇಟ್ಟರು. ಮೂರನೆಯ ಸಬ್‌ಕಲ್ಚರ್ (ಹೊಸ ಮಾಧ್ಯಮಕ್ಕೆ ಬದಲಿಸುವುದು) ಹೊತ್ತಿಗೆ ಹೆಚ್ಚಿನ ಫ್ಲಾಸ್ಕ್‌ಗಳಲ್ಲಿ ಬೆಳವಣಿಗೆ ನಿಂತು ಬೇರು ಕಂದು ಬಣ್ಣಕ್ಕೆ ತಿರುಗಿತು, ಕೆಲವು ಫ್ಲಾಸ್ಕ್‌ಗಳ ಮಾಧ್ಯಮ ಕದಡಿತು. ಉಳಿದ ಒಳ್ಳೆಯ ಬೇರನ್ನು ಒಣಗಿಸಿ ಪರೀಕ್ಷಿಸಿದರೆ ಅದರಲ್ಲಿ ಈ ಬೇರಿನ ಮುಖ್ಯ ರಾಸಾಯನಿಕವಾದ ಪ್ಲಂಬಜಿನ್ ಅಂಶ ತೋಟದ ಬೇರಿಗಿಂತ ಎಷ್ಟೋ ಕಡಿಮೆ. ಮಾಧ್ಯಮದ ಪಾಕ ಸರಿಯಿಲ್ಲ, ಬೇರೆ ಹಾರ್ಮೋನು ಹಾಕಿ ನೋಡೋಣ ಎಂಬುದು ಪ್ರಯೋಗಾಲಯದ ಮೊದಲ ಊಹೆಯಾಗಿತ್ತು. ದೋಷ ಮಾಧ್ಯಮದಲ್ಲಿರಲಿಲ್ಲ. ಬೆಳೆದ ಬೇರುಗಳಲ್ಲಿ ಹೆಚ್ಚಿನವು ರೋಮಬೇರುಗಳೇ ಅಲ್ಲ. ನಿಜವಾದ ರೋಮಬೇರುಗಳಲ್ಲಿ ಪ್ಲಂಬಜಿನ್ ಇತ್ತು, ಅಳೆಯುವ ಮೊದಲೇ ಅದು ಕೈತಪ್ಪಿ ಹೋಗುತ್ತಿತ್ತು.

ಗಿಡ ಮತ್ತು ಅದರ ಗುಣ

ಕೆಂಪು ಚಿತ್ರಮೂಲ, ಸಸ್ಯಶಾಸ್ತ್ರದಲ್ಲಿ ಪ್ಲಂಬಾಗೊ ರೋಸಿಯಾ ಅಥವಾ ಪ್ಲಂಬಾಗೊ ಇಂಡಿಕಾ, ಕೆಂಪು ಹೂವಿನ ಪೊದೆಗಿಡ. ಮಲಯಾಳದಲ್ಲಿ ಚೆತ್ತಿಕ್ಕೊಡುವೇಲಿ. ಕೇರಳದ ಔಷಧಿ ತಯಾರಕರು ಚಿತ್ರಕವೆಂದು ಹೆಚ್ಚಾಗಿ ಬಳಸುವುದು ಇದನ್ನೇ. ಆಯುರ್ವೇದ ಫಾರ್ಮಕೊಪಿಯಾದಲ್ಲಿ ಚಿತ್ರಕವೆಂದು ನಮೂದಾಗಿರುವುದು ಬಿಳಿ ಹೂವಿನ ಪ್ಲಂಬಾಗೊ ಝೆಯ್ಲಾನಿಕಾದ ಬೇರು. ಎರಡರ ಬೇರಲ್ಲೂ ಇರುವ ಮುಖ್ಯ ರಾಸಾಯನಿಕ ಪ್ಲಂಬಜಿನ್ ಎಂಬ ಹಳದಿ ನ್ಯಾಫ್ತೊಕ್ವಿನೋನ್. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುವುದು ಇದರಿಂದಲೇ. ಬೇರು ಅಗೆಯುವವರು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವುದೂ, ಔಷಧಿಗೆ ಬಳಸುವ ಮೊದಲು ಬೇರನ್ನು ಸುಣ್ಣದ ತಿಳಿನೀರಿನಲ್ಲಿ ಇಟ್ಟು ಶುದ್ಧಿ ಮಾಡುವುದೂ ಈ ಕಾರಣಕ್ಕೆ. ತಿಳಿನೀರು ಕೆಂಪಾಗುತ್ತದಲ್ಲ, ಅದು ಕ್ಷಾರದಲ್ಲಿ ಪ್ಲಂಬಜಿನ್ ಬಣ್ಣ ಬದಲಿಸುವುದರಿಂದ.

ತೋಟದಲ್ಲಿ ನೆಟ್ಟ ಗಿಡದ ಬೇರು ಕೀಳಲು ಒಂದೂವರೆ ವರ್ಷವಾದರೂ ಕಾಯಬೇಕು, ಕಿತ್ತ ಮೇಲೆ ಗಿಡ ಉಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ಬೇರನ್ನೇ ಬೆಳೆಸುವ ಆಸೆ ಹುಟ್ಟುವುದು ಇಲ್ಲಿಂದ.

ಈ ಪ್ರಕರಣಕ್ಕೆ ಗಿಡದ ಇನ್ನೊಂದು ಗುಣ ಮುಖ್ಯ. ಕೆಂಪು ಚಿತ್ರಮೂಲ ಬೀಜ ಕಟ್ಟುವುದು ಅಪರೂಪ, ಅದನ್ನು ಬೆಳೆಸುವುದು ಕಾಂಡದ ತುಂಡುಗಳಿಂದ. ಎರಡು ಮೂರು ಗಂಟುಗಳ ತುಂಡನ್ನು ಜೂನ್ ಮಳೆಗೆ ನೆಟ್ಟರೆ ತನ್ನಷ್ಟಕ್ಕೆ ಬೇರು ಬಿಡುತ್ತದೆ. ಬಾಟಲಿಯೊಳಗೂ ಅದರ ಸ್ವಭಾವ ಅದೇ.

ರೋಮಬೇರು ಅಂದರೆ ಯಾವುದು

ಅಗ್ರೊಬ್ಯಾಕ್ಟೀರಿಯಂ ರೈಝೊಜೆನಿಸ್ (ಈಗಿನ ಹೆಸರು ರೈಝೋಬಿಯಂ ರೈಝೊಜೆನಿಸ್) ಎಂಬ ಮಣ್ಣಿನ ಬ್ಯಾಕ್ಟೀರಿಯ ಗಾಯವಾದ ಗಿಡದೊಳಗೆ ಹೊಕ್ಕು ತನ್ನ ಆರ್‌ಐ ಪ್ಲಾಸ್ಮಿಡ್‌ನ (ಬ್ಯಾಕ್ಟೀರಿಯದೊಳಗಿನ ಪ್ರತ್ಯೇಕ ಡಿಎನ್‌ಎ ಉಂಗುರದ) ಒಂದು ತುಂಡು ಡಿಎನ್‌ಎಯನ್ನು, ಅಂದರೆ ಟಿ-ಡಿಎನ್‌ಎಯನ್ನು, ಗಿಡದ ಜೀವಕೋಶದ ಡಿಎನ್‌ಎಗೆ ಸೇರಿಸುತ್ತದೆ. 1982ರಲ್ಲಿ ಇದು ಖಚಿತವಾಯಿತು. ಆ ತುಂಡಿನಲ್ಲಿರುವ ರೋಲ್-ಎ, ಬಿ, ಸಿ, ಡಿ ಜೀನುಗಳಿಂದ ಆ ಕೋಶ ಬೇರಾಗಿ ಬೆಳೆಯುತ್ತದೆ, ಹೊರಗಿನಿಂದ ಹಾರ್ಮೋನು ಕೊಡದಿದ್ದರೂ ಬೆಳೆಯುತ್ತಲೇ ಇರುತ್ತದೆ. ಸಾಧಾರಣ ಬೇರು ಕೆಳಕ್ಕೆ ಇಳಿಯುವ ಕಡೆ ಇದು ಅಡ್ಡಡ್ಡ ಹರಡುತ್ತದೆ, ಕವಲು ಬಹಳ, ಮೈಮೇಲೆ ರೋಮ ದಟ್ಟ.

ನೋಟ ದಾರಿ ತೋರಿಸಬಹುದು, ತೀರ್ಪು ಕೊಡಲಾರದು. ರೋಮ ದಟ್ಟವಾಗಿರುವ ಮಾಮೂಲಿ ಬೇರುಗಳೂ ಇವೆ, ತೇವವಾದ ಅಗರ್ ಮೇಲೆ ಅಡ್ಡ ಬೆಳೆಯುವ ಮಾಮೂಲಿ ಬೇರುಗಳೂ ಇವೆ.

ಪ್ರಯೋಗಾಲಯ ಮಾಡಿದ್ದು, ಮತ್ತು ಅದರಲ್ಲಿ ಬಿಟ್ಟದ್ದು

ಎಕ್ಸ್‌ಪ್ಲಾಂಟ್‌ಗೆ, ಅಂದರೆ ಕಲ್ಚರ್ ಆರಂಭಿಸುವ ಗಿಡದ ಭಾಗಕ್ಕೆ, ಕಾಂಡದ ಗಂಟಿನ ತುಂಡುಗಳನ್ನು ತೆಗೆದುಕೊಂಡಿದ್ದರು. ಬ್ಯಾಕ್ಟೀರಿಯ ತಳಿ ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹದ 532. ಭಾರತದ ಪ್ರಯೋಗಾಲಯಗಳಲ್ಲಿ ಈ ತಳಿಯ ಬಳಕೆ ಸಾಮಾನ್ಯ, ಅದರಲ್ಲಿ ತಪ್ಪಿಲ್ಲ. ತುಂಡುಗಳನ್ನು ಬ್ಯಾಕ್ಟೀರಿಯ ದ್ರವದಲ್ಲಿ ಅದ್ದಿ, ಎರಡು ದಿನ ಜೊತೆಗಿಟ್ಟು, ಬ್ಯಾಕ್ಟೀರಿಯ ಕೊಲ್ಲುವ ಆಂಟಿಬಯಾಟಿಕ್ ಸೆಫೊಟ್ಯಾಕ್ಸಿಮ್ ಇರುವ ಮಾಧ್ಯಮಕ್ಕೆ ಬದಲಿಸಿದ್ದರು. ಬೇರು ಬಂದ ಕೂಡಲೇ ಕತ್ತರಿಸಿ ಎಲ್ಲವನ್ನೂ ಒಂದೇ ಫ್ಲಾಸ್ಕಿಗೆ ಹಾಕಿದರು.

ಕಂಟ್ರೋಲ್ ಇಟ್ಟಿರಲಿಲ್ಲ. ಬ್ಯಾಕ್ಟೀರಿಯ ತಾಗಿಸದ ಗಂಟಿನ ತುಂಡುಗಳನ್ನು ಅದೇ ಮಾಧ್ಯಮದಲ್ಲಿ, ಅದೇ ಕತ್ತಲೆಯಲ್ಲಿ, ಅದೇ ಆಂಟಿಬಯಾಟಿಕ್ ಜೊತೆ ಇಟ್ಟು ನೋಡಿದಾಗ ಅವುಗಳೂ ಬೇರು ಬಿಟ್ಟವು. ತುಂಡಿನ ಬುಡದ ತುದಿಯಿಂದಲೇ ಬೇರು ಹೊರಟದ್ದು ಇನ್ನೊಂದು ಸುಳಿವು. ಕಾಂಡದ ತುಂಡಿನಲ್ಲಿ ಬೇರು ಮೂಡಿಸುವ ಹಾರ್ಮೋನಾದ ಆಕ್ಸಿನ್ ಬುಡದ ಕಡೆಗೆ ಹರಿದು ಅಲ್ಲಿ ಶೇಖರವಾಗುವುದರಿಂದ ಮಾಮೂಲಿ ಬೇರು ಬುಡದಲ್ಲೇ ಮೂಡುತ್ತದೆ. ಬ್ಯಾಕ್ಟೀರಿಯದಿಂದ ಹುಟ್ಟುವ ಬೇರು ಗಾಯ ಮಾಡಿದ ಜಾಗದಲ್ಲಿ, ಮೇಲಿನ ತುದಿಯಲ್ಲೂ, ಏಳಬಲ್ಲದು. ಮೊದಲ ಸುತ್ತಿನ ಬೇರುಗಳು ಹೆಚ್ಚುಕಡಿಮೆ ಎಲ್ಲವೂ ಬುಡದಿಂದ ಬಂದವು. ತುಂಡಿನಲ್ಲಿದ್ದ ಆಕ್ಸಿನ್ ಮುಗಿಯುವವರೆಗೆ ಅವು ಬೆಳೆದವು, ಹಾರ್ಮೋನಿಲ್ಲದ ದ್ರವದಲ್ಲಿ ಮೂರನೆಯ ಸುತ್ತಿಗೆ ನಿಂತವು. ಇಲ್ಲಿ ಹೊಸ ಹಾರ್ಮೋನು ಹಾಕಿದ್ದರೆ ಮಾಮೂಲಿ ಬೇರನ್ನೇ ಇನ್ನಷ್ಟು ದಿನ ಸಾಕಿದಂತಾಗುತ್ತಿತ್ತು, ಗೊಂದಲ ಇನ್ನೂ ಗಟ್ಟಿಯಾಗುತ್ತಿತ್ತು.

ಎರಡನೆಯ ಕಾರಣ ಸೆಕೆ. ಬ್ಯಾಕ್ಟೀರಿಯ ಮತ್ತು ತುಂಡುಗಳನ್ನು ಜೊತೆಗಿಟ್ಟ ದಿನಗಳು ಮೇ ತಿಂಗಳಿನವು. ಬೇಸಗೆ ಮಳೆಯ ಗುಡುಗು ಮಿಂಚಿಗೆ ಕಾಸರಗೋಡಿನ ಹಳ್ಳಿಗಳಲ್ಲಿ ರಾತ್ರಿಯಿಡೀ ಕರೆಂಟು ಹೋಗುವುದುಂಟು, ಎ.ಸಿ. ನಿಂತರೆ ಕಲ್ಚರ್ ಕೋಣೆ ಹೊರಗಿನ ಸೆಕೆಗೆ ಏರುತ್ತದೆ. ಬ್ಯಾಕ್ಟೀರಿಯ 28 ಡಿಗ್ರಿಯಲ್ಲಿ ಸುಖವಾಗಿ ಬೆಳೆಯುತ್ತದೆ, ಆದರೆ ಡಿಎನ್‌ಎ ದಾಟಿಸುವ ಅದರ ವ್ಯವಸ್ಥೆ ಆ ಮಟ್ಟ ಮೀರಿದರೆ ಕುಸಿಯುತ್ತದೆ. 22ರಿಂದ 25 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಹಾಗಾಗಿ ತಟ್ಟೆಯಲ್ಲಿ ಬ್ಯಾಕ್ಟೀರಿಯ ಹಾಲಿನ ಕೆನೆಯ ಹಾಗೆ ದಪ್ಪವಾಗಿ ಬೆಳೆದಿತ್ತು, ಪರಿವರ್ತನೆ, ಅಂದರೆ ಟಿ-ಡಿಎನ್‌ಎ ಗಿಡಕ್ಕೆ ಸೇರುವುದು, ಮಾತ್ರ ತೀರ ಕಡಿಮೆ. ಕೋಣೆಯಲ್ಲಿ ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ಒಂದಿದ್ದರೆ ಬೆಳಗ್ಗೆಯೇ ಗೊತ್ತಾಗುತ್ತಿತ್ತು.

ತಿದ್ದಿದ ಕ್ರಮ

ತಾಯಿಗಿಡಗಳನ್ನು ಮಳೆ ಬೀಳದ ಮಾಡಿನಡಿ ಕುಂಡಗಳಲ್ಲಿಟ್ಟು, ಎಲೆ ಒದ್ದೆಯಾಗದ ಹಾಗೆ ಬುಡಕ್ಕೆ ಮಾತ್ರ ನೀರು ಕೊಡಲಾಯಿತು. ತೋಟದಿಂದ ನೇರ ತಂದ ಕಾಂಡದಲ್ಲಿ, ಅದರಲ್ಲೂ ಮಳೆಗಾಲದ ಆಟಿ ತಿಂಗಳಲ್ಲಿ, ಒಳಗೇ ಇರುವ ಶಿಲೀಂಧ್ರ ಯಾವ ತೊಳೆತಕ್ಕೂ ಬಗ್ಗುವುದಿಲ್ಲ. ಎಳೆ ಕಾಂಡವನ್ನು ಹರಿಯುವ ನೀರಿನಲ್ಲಿ ಅರ್ಧ ಗಂಟೆ, ಟ್ವೀನ್-20 ಹನಿ ಹಾಕಿದ ನೀರಿನಲ್ಲಿ 10 ನಿಮಿಷ, 0.1 ಶೇಕಡಾ ಕಾರ್ಬೆಂಡಾಝಿಮ್‌ನಲ್ಲಿ 20 ನಿಮಿಷ ಇಟ್ಟು, ಲ್ಯಾಮಿನಾರ್ (ಸೋಸಿದ ಶುದ್ಧ ಗಾಳಿಯ ಪೆಟ್ಟಿಗೆ) ಒಳಗೆ 70 ಶೇಕಡಾ ಆಲ್ಕೋಹಾಲಿನಲ್ಲಿ 30 ಸೆಕೆಂಡ್, 0.1 ಶೇಕಡಾ ಮರ್ಕ್ಯುರಿಕ್ ಕ್ಲೋರೈಡಿನಲ್ಲಿ 5 ನಿಮಿಷ, ಕೊನೆಗೆ ಕ್ರಿಮಿರಹಿತ ನೀರಿನಲ್ಲಿ ಐದು ಸಲ ತೊಳೆಯುವುದು. ಮರ್ಕ್ಯುರಿ ನೀರನ್ನು ಸಿಂಕಿಗೆ ಚೆಲ್ಲಬಾರದು, ಬೇರೆ ಕ್ಯಾನಿನಲ್ಲಿ ಕೂಡಿಡಬೇಕು.

ಈ ಗಂಟುಗಳಿಂದ ನೇರ ರೋಮಬೇರು ಎಬ್ಬಿಸುವ ಪ್ರಯತ್ನ ಬಿಟ್ಟು, ಅವುಗಳನ್ನು ಎಂ.ಎಸ್. (ಮುರಾಶಿಗೆ-ಸ್ಕೂಗ್) ಮಾಧ್ಯಮದಲ್ಲಿ ಲೀಟರಿಗೆ 1 ಮಿ.ಗ್ರಾಂ ಬಿಎಪಿ ಎಂಬ ಚಿಗುರಿನ ಹಾರ್ಮೋನು ಹಾಕಿ ಚಿಗುರಿಸಲಾಯಿತು. ಬಾಟಲಿಯಲ್ಲೇ ಹುಟ್ಟಿದ ಎಲೆಗಳೇ ಮುಂದಿನ ಎಕ್ಸ್‌ಪ್ಲಾಂಟ್. ಇದರಿಂದ ಎರಡು ಲಾಭ: ಎಲೆ ಮೊದಲೇ ಶುದ್ಧವಾಗಿರುತ್ತದೆ, ಗಂಟಿನಷ್ಟು ಸುಲಭವಾಗಿ ತಾನೇ ಬೇರು ಬಿಡುವುದಿಲ್ಲ. ಕತ್ತರಿಸಿದ ಅಂಚು ಕಂದಾಗದಿರಲು ಮಾಧ್ಯಮಕ್ಕೆ ಲೀಟರಿಗೆ 100 ಮಿ.ಗ್ರಾಂ ಆಸ್ಕಾರ್ಬಿಕ್ ಆಮ್ಲವನ್ನು ಆಟೋಕ್ಲೇವ್ ಆದ ಮೇಲೆ ಸೋಸಿ ಸೇರಿಸಬೇಕು.

ಬ್ಯಾಕ್ಟೀರಿಯವನ್ನು ಯೀಸ್ಟ್-ಮ್ಯಾನಿಟಾಲ್ ದ್ರವದಲ್ಲಿ 26-28 ಡಿಗ್ರಿಯಲ್ಲಿ 180 ಆರ್‌ಪಿಎಂನಲ್ಲಿ ರಾತ್ರಿ ಬೆಳೆಸಿ, 600 ನ್ಯಾನೊಮೀಟರಿನಲ್ಲಿ ಓ.ಡಿ. (ದ್ರವದ ಮಬ್ಬಿನ ಅಳತೆ) 0.6 ಆಗುತ್ತಲೇ 5000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ, ತಳದಲ್ಲಿ ಕೂತದ್ದನ್ನು ಅರ್ಧ ಬಲದ ಎಂ.ಎಸ್. ದ್ರವದಲ್ಲಿ ಕದಡಬೇಕು. ಈ ದ್ರವದ ಪಿಎಚ್ 5.4ರ ಸುತ್ತ ಇರಲಿ. ಇದಕ್ಕೆ 100 ಮೈಕ್ರೊಮೋಲಾರ್ ಅಸಿಟೋಸಿರಿಂಗೋನ್. ತೂಕದ ಲೆಕ್ಕ ಹೀಗೆ: 196 ಮಿ.ಗ್ರಾಂ ಪುಡಿಯನ್ನು 10 ಮಿ.ಲೀ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದರೆ 100 ಮಿಲಿಮೋಲಾರ್ ಸ್ಟಾಕ್, ಅದರಿಂದ ಲೀಟರಿಗೆ 1 ಮಿ.ಲೀ. ಗಾಯದಿಂದ ಒಸರುವ ಇಂಥದೇ ಫೀನಾಲ್ ಸುಳಿವನ್ನು ಹಿಡಿದು ಬ್ಯಾಕ್ಟೀರಿಯದಲ್ಲಿ ಡಿಎನ್‌ಎ ದಾಟಿಸುವ ವಿರ್ ಜೀನುಗಳು ಎಚ್ಚರಗೊಳ್ಳುತ್ತವೆ, ಆಮ್ಲ ಗುಣದ ಮಾಧ್ಯಮ ಬೇಕಾಗುವುದೂ ಅದಕ್ಕೇ.

ಎಲೆಯ ಹಿಂಬದಿಯ ನಡುನರವನ್ನು ಸೂಜಿಯಿಂದ ಚುಚ್ಚಿ, ದ್ರವದಲ್ಲಿ 15-20 ನಿಮಿಷ ಅದ್ದಿ, ಕ್ರಿಮಿರಹಿತ ಸೋಸುಕಾಗದದ ಮೇಲೆ ತೇವ ಒತ್ತಿ ತೆಗೆಯಬೇಕು. ಈ ಒತ್ತುವ ಕೆಲಸದಲ್ಲಿ ಅವಸರ ಬೇಡ. ಇಲ್ಲಿ ಉಳಿದ ತೇವವೇ ಮುಂದೆ ಬ್ಯಾಕ್ಟೀರಿಯ ಮಿತಿಮೀರಿ ಬೆಳೆಯಲು ದಾರಿ. ಎರಡು ದಿನ ಕತ್ತಲಲ್ಲಿ 24 ಡಿಗ್ರಿ. ಇದಕ್ಕೆ ಬ್ಯಾಟರಿ ಬೆಂಬಲವಿರುವ ಸಣ್ಣ ಇನ್‌ಕ್ಯುಬೇಟರ್ ಮೀಸಲಿಟ್ಟರು, ಇಡೀ ಕೋಣೆಯನ್ನು ತಣ್ಣಗಿಡುವುದಕ್ಕಿಂತ ಇದು ಅಗ್ಗ. ಪ್ರತಿ ತಂಡದ ಜೊತೆಗೆ ಬ್ಯಾಕ್ಟೀರಿಯ ಇಲ್ಲದ ದ್ರವದಲ್ಲಿ ಅದ್ದಿದ ಚುಚ್ಚಿದ ಎಲೆಗಳು ಕಂಟ್ರೋಲ್ ಆಗಿ ಇರಲೇಬೇಕು.

ಆಂಟಿಬಯಾಟಿಕ್ ವಿಚಾರ

ಫ್ಲಾಸ್ಕ್ ಕದಡಿದ್ದಕ್ಕೆ ಕಾರಣ ಸೆಫೊಟ್ಯಾಕ್ಸಿಮ್ ಬಳಸಿದ ರೀತಿ. ಮಾಧ್ಯಮ ಇನ್ನೂ ಬಿಸಿಯಿರುವಾಗಲೇ ಬೆರೆಸಿದ್ದರು, ಒಮ್ಮೆ ಬೆರೆಸಿದ ಬಾಟಲಿಯಲ್ಲೇ ತಿಂಗಳುಗಟ್ಟಲೆ ತುಂಡುಗಳನ್ನು ಬಿಟ್ಟಿದ್ದರು. ಈ ಔಷಧಿ ಬಿಸಿಗೂ ಬೆಳಕಿಗೂ ಕೆಡುತ್ತದೆ, ಮಾಧ್ಯಮದಲ್ಲಿ ದಿನ ಕಳೆದ ಹಾಗೆ ಬಲ ಇಳಿಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 1 ಗ್ರಾಂ ಇಂಜೆಕ್ಷನ್ ಸೀಸೆಗೆ ಲ್ಯಾಮಿನಾರ್ ಒಳಗೆ 10 ಮಿ.ಲೀ. ಕ್ರಿಮಿರಹಿತ ನೀರು ಹಾಕಿದರೆ ಮಿ.ಲೀ.ಗೆ 100 ಮಿ.ಗ್ರಾಂ ದ್ರಾವಣ ಸಿಗುತ್ತದೆ, ಅದರಲ್ಲಿ 5 ಮಿ.ಲೀ. ಒಂದು ಲೀಟರ್ ಮಾಧ್ಯಮಕ್ಕೆ ಹಾಕಿದರೆ 500 ಮಿ.ಗ್ರಾಂ. ಮಾಧ್ಯಮ 50 ಡಿಗ್ರಿಗಿಂತ ಕೆಳಗಿಳಿದ ಮೇಲೆ, ಅಗರ್ ಗಟ್ಟಿಯಾಗುವ ಮೊದಲು ಬೆರೆಸಬೇಕು. ದ್ರಾವಣದ ತಿಳಿ ಹಳದಿ ಗಾಢವಾಗಿದ್ದರೆ ಚೆಲ್ಲಿಬಿಡಿ.

ಬದಲಿಸುವ ಕ್ರಮ: ವಾರದಿಂದ ಹತ್ತು ದಿನಕ್ಕೊಮ್ಮೆ ಹೊಸ ಮಾಧ್ಯಮ, ಪ್ರಮಾಣ 500, 300, 200, 100, ಆಮೇಲೆ ಸೊನ್ನೆ. ಪ್ರತಿ ಸಲ ಬೇರಿನ ತುದಿಯ ಎರಡು ಮೂರು ಸೆಂಟಿಮೀಟರ್ ಮಾತ್ರ ಮುಂದಕ್ಕೆ. ಬ್ಯಾಕ್ಟೀರಿಯ ಅಡಗಿರುವುದು ಹಳೆಯ ಬುಡದಲ್ಲಿ. ಸೊನ್ನೆಗೆ ಬಂದ ಮೇಲೂ ಬೇರಿನ ಚೂರನ್ನು ಅರೆದು ಆಂಟಿಬಯಾಟಿಕ್ ಇಲ್ಲದ ಯೀಸ್ಟ್-ಮ್ಯಾನಿಟಾಲ್ ಅಗರ್ ಮೇಲೆ ಗೀರಿ, 28 ಡಿಗ್ರಿಯಲ್ಲಿ ಐದು ದಿನ ನೋಡಬೇಕು. ಮಳೆಗಾಲದಲ್ಲಿ ಹತ್ತಿ ಬಿರಡೆ ತೇವ ಹೀರಿ ಶಿಲೀಂಧ್ರವನ್ನು ಒಳಗೆ ಬಿಡುತ್ತದೆ. ಆಟೋಕ್ಲೇವಿನಿಂದ ತೆಗೆದ ಬಿರಡೆಯನ್ನು ಒಣಗಿಸಿ, ಮೇಲೆ ಎರಡು ಪದರ ಫಾಯಿಲ್ ಕಟ್ಟಿದ ಮೇಲೆ ಆ ತೊಂದರೆ ತಗ್ಗಿತು.

ಯಾವ ಬೇರು ನಿಜ

ಎಲೆಯ ಒಂದೊಂದು ಗಾಯದಿಂದ ಬಂದ ಒಂದೊಂದು ಬೇರೂ ಬೇರೆಯೇ ಪರಿವರ್ತನೆ. ಟಿ-ಡಿಎನ್‌ಎ ಎಲ್ಲಿ ಸೇರಿತು, ಎಷ್ಟು ಪ್ರತಿ ಸೇರಿತು ಎಂಬುದು ಪ್ರತಿಯೊಂದರಲ್ಲೂ ಬೇರೆ, ಬೆಳವಣಿಗೆಯೂ ಪ್ಲಂಬಜಿನ್ನೂ ಅದರಂತೆ ಬೇರೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಒಂದೇ ಫ್ಲಾಸ್ಕಿಗೆ ಹಾಕಿದ್ದು ದೊಡ್ಡ ನಷ್ಟ. ಎರಡನೆಯ ಸುತ್ತಿನಲ್ಲಿ ಪ್ರತಿ ಬೇರಿಗೂ ನಂಬರು ಕೊಟ್ಟು ಬೇರೆ ಬೇರೆ ತಟ್ಟೆಯಲ್ಲಿ ಬೆಳೆಸಿದರು; ಒಂದು ಬೇರಿನಿಂದ ಬೆಳೆದದ್ದೆಲ್ಲ ಒಂದು ಸಾಲು. ಹಾರ್ಮೋನಿಲ್ಲದ ಅರ್ಧ ಎಂ.ಎಸ್.ನಲ್ಲಿ ಕತ್ತಲಲ್ಲಿ ನಾಲ್ಕು ಸುತ್ತು ನಿಲ್ಲದೆ ಬೆಳೆದವುಗಳನ್ನಷ್ಟೇ ಪಿಸಿಆರ್‌ಗೆ (ನಿರ್ದಿಷ್ಟ ಜೀನು ಇದೆಯೇ ಎಂದು ನೋಡುವ ಡಿಎನ್‌ಎ ಪರೀಕ್ಷೆಗೆ) ಕಳಿಸಿದ್ದು ಜಾಣತನ. ಪರೀಕ್ಷೆಯ ಖರ್ಚು ಉಳಿಯಿತು.

ಚಿತ್ರಮೂಲದ ಬೇರಿನಿಂದ ಶುದ್ಧ ಡಿಎನ್‌ಎ ತೆಗೆಯುವುದು ಸುಲಭವಲ್ಲ, ಫೀನಾಲ್ ಸೇರಿಕೊಂಡು ಕಂದಾಗುತ್ತದೆ. 2 ಶೇಕಡಾ ಸಿಟಿಎಬಿ ಬಫರಿಗೆ 2 ಶೇಕಡಾ ಪಿವಿಪಿ, 0.2 ಶೇಕಡಾ ಬೀಟಾ-ಮರ್ಕ್ಯಾಪ್ಟೊಎಥನಾಲ್ ಸೇರಿಸಿ 65 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಕೆಲಸ ನಡೆಯುತ್ತದೆ. ಜೀನನ್ನು ಗುರುತಿಸುವ ಪ್ರೈಮರ್ ಎಂಬ ಸಣ್ಣ ಡಿಎನ್‌ಎ ತುಂಡುಗಳ ಎರಡು ಜೋಡಿ ಸಾಕು: ರೋಲ್-ಬಿಗೆ 423 ಬೇಸ್ ಜೋಡಿಯ ಪಟ್ಟಿ ಕೊಡುವಂಥದು, ವಿರ್-ಡಿ2ಗೆ 338 ಕೊಡುವಂಥದು. ವಿರ್ ಜೀನು ಬ್ಯಾಕ್ಟೀರಿಯದಲ್ಲೇ ಉಳಿಯುತ್ತದೆ, ಗಿಡಕ್ಕೆ ದಾಟುವುದಿಲ್ಲ. ರೋಲ್-ಬಿ ಬಂದು ವಿರ್-ಡಿ2 ಬಾರದಿದ್ದರೆ ಅದು ರೋಮಬೇರು. ಎರಡೂ ಬಂದರೆ ಬೇರಿನೊಳಗೆ ಬ್ಯಾಕ್ಟೀರಿಯ ಇನ್ನೂ ಇದೆ, ರೋಲ್-ಬಿ ಪಟ್ಟಿ ಅದರದ್ದೇ ಇರಬಹುದು. ಆ ಸಾಲಿನ ಬಗ್ಗೆ ಏನೂ ಹೇಳುವಂತಿಲ್ಲ. ಎರಡೂ ಬಾರದಿದ್ದರೆ ಮಾಮೂಲಿ ಬೇರು ಎನ್ನುವ ಮೊದಲು ಡಿಎನ್‌ಎ ಸರಿಯಿದೆಯೇ ಎಂದು ಗಿಡದ್ದೇ ಒಂದು ಜೀನಿನಿಂದ ನೋಡಿಕೊಳ್ಳಬೇಕು. ಮೊದಲ ಸುತ್ತಿನಿಂದ ಬದುಕಿದ್ದ ಬೇರುಗಳಲ್ಲಿ ಈ ಪರೀಕ್ಷೆ ಗೆದ್ದವು ಬೆರಳೆಣಿಕೆಯಷ್ಟು.

ಬಣ್ಣದ ಪರೀಕ್ಷೆಯಿಂದ ಇದನ್ನು ತೀರ್ಮಾನಿಸಬಹುದೇ ಎಂಬ ಪ್ರಶ್ನೆ ಬಂತು. ಆಗದು. ಬೇರನ್ನು ಮೆಥನಾಲಿನಲ್ಲಿ ಅರೆದು ಒಂದು ಹನಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಕೆಂಪು-ನೇರಳೆ ಬಣ್ಣ ಬರುವುದು ಪ್ಲಂಬಜಿನ್ ಇದೆ ಎಂಬುದಕ್ಕೆ ಗುರುತು, ಮಾಮೂಲಿ ಬೇರಲ್ಲೂ ಅದು ಇದೆ.

ಕಾಣೆಯಾದ ಪ್ಲಂಬಜಿನ್

ನಿಜವಾದ ಸಾಲುಗಳಲ್ಲೂ ಪ್ಲಂಬಜಿನ್ ಕಡಿಮೆ ಬಂದದ್ದಕ್ಕೆ ಎರಡು ಕಾರಣ, ಎರಡೂ ಅಳತೆಗೆ ಸಂಬಂಧಿಸಿದವು.

ಪ್ಲಂಬಜಿನ್ ಸುಮಾರು 78 ಡಿಗ್ರಿಯಲ್ಲಿ ಕರಗುವ ವಸ್ತು, ಕರಗುವ ಮೊದಲೇ ಆವಿಯಾಗಿ ಹಾರುವ ಗುಣವೂ ಇದೆ, ನೀರಾವಿಯ ಜೊತೆ ಹೊರಟುಬಿಡುತ್ತದೆ. ಪ್ರಯೋಗಾಲಯ ಬೇರನ್ನು 60 ಡಿಗ್ರಿ ಓವನಿನಲ್ಲಿ ಎರಡು ದಿನ ಒಣಗಿಸಿತ್ತು. ರೋಮಬೇರಿನ ತೂಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರು, ಸಿಪ್ಪೆ ತೆಳು. ಅಷ್ಟು ನೀರು ಹೋಗುವಾಗ ಪ್ಲಂಬಜಿನ್ನೂ ಜೊತೆಗೆ ಹೋಯಿತು. ತೋಟದ ದಪ್ಪ ಬೇರು ಇದೇ ಓವನಿನಲ್ಲಿ ಇಷ್ಟು ಕಳೆದುಕೊಳ್ಳುವುದಿಲ್ಲ, ಹೋಲಿಕೆ ಅನ್ಯಾಯದ್ದಾಯಿತು. ಸರಿಯಾದ ದಾರಿ ಸರಳ: ಬೇರನ್ನು ಸೋಸುಕಾಗದದಲ್ಲಿ ಒತ್ತಿ, ಎರಡು ಪಾಲು ಮಾಡಿ, ಒಂದು ಪಾಲನ್ನು ತೇವಾಂಶದ ಲೆಕ್ಕಕ್ಕೆ ಮಾತ್ರ ಒಣಗಿಸುವುದು. ಇನ್ನೊಂದು ಪಾಲು, 1 ಗ್ರಾಂ ಹಸಿ ಬೇರು, 10 ಮಿ.ಲೀ. ಮೆಥನಾಲಿನಲ್ಲಿ ಅರೆದು, ಮಂಜುನೀರಿನ ಮೇಲೆ ಸೋನಿಕೇಟರಿನಲ್ಲಿ ಅರ್ಧ ಗಂಟೆ. ಹೀಗೆ ಮೂರು ಸಲ ತೆಗೆದು ಕೂಡಿಸಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸಿ-18 ಕಾಲಮ್ಮಿನಲ್ಲಿ ಎಚ್‌ಪಿಎಲ್‌ಸಿ (ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ), 265 ನ್ಯಾನೊಮೀಟರ್ ಸುತ್ತ ನೋಡುವುದು. ದ್ರಾವಣವನ್ನು ದ್ರಾವಕ ಆವಿಯಾಗಿಸುವ ರೋಟರಿ ಯಂತ್ರದಲ್ಲಿ ಪೂರ್ತಿ ಒಣಗಿಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕು.

ಎರಡನೆಯದು ಇನ್ನೂ ಎದ್ದು ಕಾಣುವಂಥದು. ಬೇರು ತೆಗೆದ ಮೇಲೆ ಮಾಧ್ಯಮ ಹಳದಿಯಾಗಿತ್ತು, ಅದನ್ನು ಚೆಲ್ಲುತ್ತಿದ್ದರು. 50 ಮಿ.ಲೀ. ಮಾಧ್ಯಮವನ್ನು ಬೇರ್ಪಡಿಸುವ ಫನೆಲ್‌ನಲ್ಲಿ 25 ಮಿ.ಲೀ. ಹೆಕ್ಸೇನ್ ಜೊತೆ ಕುಲುಕಿದಾಗ ಆ ಹಳದಿಯೆಲ್ಲ ಮೇಲಿನ ಪದರಕ್ಕೆ ಏರಿತು. ಕೆಳಗೆ ಹೆಚ್ಚುಕಡಿಮೆ ಬಣ್ಣವಿಲ್ಲದ ಸಕ್ಕರೆನೀರು ಉಳಿಯಿತು. ಹೆಕ್ಸೇನ್ ಪದರವನ್ನು ಎಚ್‌ಪಿಎಲ್‌ಸಿಗೆ ಹಾಕಿದಾಗ ಪ್ಲಂಬಜಿನ್ ಶಿಖರ ಸ್ಪಷ್ಟವಾಗಿತ್ತು. ಬೇರಿನದ್ದು ಮತ್ತು ಮಾಧ್ಯಮದ್ದು ಕೂಡಿಸಿ ಫ್ಲಾಸ್ಕಿಗೆ ಇಷ್ಟು ಎಂದು ಬರೆಯದಿದ್ದರೆ ಯಾವ ಸಾಲು ಉತ್ತಮ ಎಂದು ಹೇಳುವಂತಿಲ್ಲ. ಬೇರಿನಲ್ಲಿ ಕಡಿಮೆ ಕಂಡ ಒಂದು ಸಾಲು ಒಟ್ಟು ಲೆಕ್ಕದಲ್ಲಿ ಮುಂದಿತ್ತು.

ಫ್ಲಾಸ್ಕಿನಲ್ಲಿ ಬೆಳೆಸುವುದು

250 ಮಿ.ಲೀ. ಫ್ಲಾಸ್ಕಿನಲ್ಲಿ 50 ಮಿ.ಲೀ. ಅರ್ಧ ಎಂ.ಎಸ್. ದ್ರವ, 30 ಗ್ರಾಂ/ಲೀಟರ್ ಸಕ್ಕರೆ, ಪಿಎಚ್ 5.8, 0.5 ಗ್ರಾಂ ಹಸಿ ಬೇರು, ಕತ್ತಲು, 25 ಡಿಗ್ರಿ, 80 ಆರ್‌ಪಿಎಂ. ವೇಗ ಹೆಚ್ಚಿಸಿದರೆ ತುದಿ ಮುರಿದು ಗಾಯದಲ್ಲಿ ಕ್ಯಾಲಸ್, ಅಂದರೆ ಆಕಾರವಿಲ್ಲದ ಕೋಶಗಳ ಗಡ್ಡೆ, ಬರುತ್ತದೆ. ನಾಲ್ಕು ವಾರದಲ್ಲಿ ಕೊಯ್ಲು. ಇನ್ನೂ ಬಿಟ್ಟರೆ ಉಂಡೆಯ ನಡುವಿಗೆ ಗಾಳಿ ತಲುಪದೆ ಕಪ್ಪಾಗುತ್ತದೆ. ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಕೊಟ್ಟು ಪ್ಲಂಬಜಿನ್ ಹೆಚ್ಚಿಸುವುದು ಪ್ಲಂಬಾಗೊ ಕಲ್ಚರ್‌ಗಳಲ್ಲಿ ಪರಿಚಿತ ದಾರಿ. ಅದನ್ನು 1 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಪಿಎಚ್ 5.5ಕ್ಕೆ ತಂದು, ಲೀಟರಿಗೆ 150 ಮಿ.ಗ್ರಾಂ ಆಗುವ ಹಾಗೆ ಮೂರನೆಯ ವಾರದಲ್ಲಿ ಸೇರಿಸಬಹುದು. ಬರಿಯ ಅಸಿಟಿಕ್ ಆಮ್ಲ ಹಾಕಿದ ಫ್ಲಾಸ್ಕೂ ಪಕ್ಕದಲ್ಲಿರಲಿ. ಕೈಟೋಸಾನ್ ಬಿದ್ದ ಮೇಲೆ ಬೇರಿನ ಬೆಳವಣಿಗೆ ಕುಗ್ಗುತ್ತದೆ, ಹಾಗಾಗಿ ಮೊದಲೇ ಹಾಕಿದರೆ ನಷ್ಟ. ಮಾಧ್ಯಮಕ್ಕೆ ಬಂದ ಪ್ಲಂಬಜಿನ್ ಬೇರನ್ನೇ ಸುಡುತ್ತದೆ. ಎಕ್ಸ್‌ಎಡಿ-7 ರಾಳದ ಮಣಿಗಳನ್ನು ನೈಲಾನ್ ಬಲೆಯ ಚೀಲದಲ್ಲಿ ಕಟ್ಟಿ ಅದೇ ದಿನ ಇಳಿಬಿಟ್ಟರೆ ಅವು ಅದನ್ನು ಹೀರಿಕೊಳ್ಳುತ್ತವೆ, ಕೊಯ್ಲಿನ ದಿನ ಮಣಿಗಳನ್ನು ಮೆಥನಾಲಿನಲ್ಲಿ ತೊಳೆದರೆ ಪ್ಲಂಬಜಿನ್ ಕೈಗೆ ಸಿಗುತ್ತದೆ.

ತೋಟಕ್ಕೆ ಬದಲಿಯೇ?

ಲೆಕ್ಕ ಹಾಕೋಣ. ಅರ್ಧ ಗ್ರಾಂ ಹತ್ತು ಪಟ್ಟು ಬೆಳೆದರೆ ಫ್ಲಾಸ್ಕಿಗೆ 5 ಗ್ರಾಂ ಹಸಿ ಬೇರು, ಒಣಗಿದರೆ ಅರ್ಧ ಗ್ರಾಂ. ಒಂದು ಕಿಲೋ ಒಣ ಬೇರಿಗೆ 2000 ಫ್ಲಾಸ್ಕ್, 100 ಲೀಟರ್ ಮಾಧ್ಯಮ, 3 ಕಿಲೋ ಸಕ್ಕರೆ, ಅದರ ಮೇಲೆ ತಿಂಗಳಿಡೀ ಶೇಕರ್ ಮತ್ತು ಎ.ಸಿ. ಅಷ್ಟು ಬೇರನ್ನು ಅಡಕೆ ತೋಟದ ಅಂಚಿನ ಕೆಲವೇ ಗಿಡ ಕೊಡುತ್ತವೆ. ಅಲ್ಲದೆ ಔಷಧಿಗೆ ಬೇಕಾದದ್ದು ಗಿಡದ ಬೇರು. ಪರಿವರ್ತಿತ ಕಲ್ಚರನ್ನು ಚಿತ್ರಕವೆಂದು ಕಷಾಯಕ್ಕೆ ಹಾಕುವಂತಿಲ್ಲ. ಬೆಳೆಗಾರರ ಚಿತ್ರಮೂಲಕ್ಕೆ ಇದರಿಂದ ಪೆಟ್ಟಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ರೋಮಬೇರಿನ ಬೆಲೆ ಇರುವುದು ಶುದ್ಧ ಪ್ಲಂಬಜಿನ್ ಬೇಕಾದ ಕಡೆ, ಬೇರು ಅದನ್ನು ಹೇಗೆ ತಯಾರಿಸುತ್ತದೆ ಎಂದು ಅಭ್ಯಾಸ ಮಾಡುವ ಕಡೆ. ಋತುವಿನ ಹಂಗಿಲ್ಲದೆ ಒಂದೇ ಗುಣದ ಬೇರು ವರ್ಷವಿಡೀ ಸಿಗುವುದು ಅಲ್ಲಿ ದೊಡ್ಡ ಮಾತು. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಕೆಲಸದ ವಿವರ ಮೊದಲೇ ಕೊಟ್ಟಿರಬೇಕು, ಬಿಸಾಡುವ ಬೇರು ಮತ್ತು ಮಾಧ್ಯಮ 121 ಡಿಗ್ರಿಯಲ್ಲಿ ಆಟೋಕ್ಲೇವ್ ಆಗದೆ ಹೊರಗೆ ಹೋಗಬಾರದು. ಕೈಗವಸು ಬಿಟ್ಟು ಕೊಯ್ಲಿಗೆ ಇಳಿಯಬಾರದು.

ಪ್ರಯೋಗಾಲಯದಲ್ಲಿ ಈಗ ಪಿಸಿಆರ್ ಗೆದ್ದ ಸಾಲುಗಳು ಮಾತ್ರ ಇವೆ. ಪ್ರತಿ ಸಾಲನ್ನೂ ಗಟ್ಟಿ ಅರ್ಧ ಎಂ.ಎಸ್. ಮೇಲೆ ನಾಲ್ಕು ವಾರಕ್ಕೊಮ್ಮೆ ಬದಲಿಸುತ್ತಾರೆ. ಒಂದು ಪ್ರತಿ ಬೇರೆ ಕಟ್ಟಡದ ಬೇರೆ ಕರೆಂಟ್ ಲೈನಿನಲ್ಲಿದೆ. ಹಳೆಯದಾದ ಸಾಲುಗಳಲ್ಲಿ ಬೆಳವಣಿಗೆ ಹಾಗೇ ಇದ್ದು ಪ್ಲಂಬಜಿನ್ ಮಾತ್ರ ಇಳಿಯುವುದುಂಟು. ಆದ್ದರಿಂದ ಆರು ತಿಂಗಳಿಗೊಮ್ಮೆ ಪ್ರತಿ ಸಾಲಿನ ಹಸಿ ಬೇರನ್ನೂ ಅದರ ಮಾಧ್ಯಮವನ್ನೂ ಒಟ್ಟಿಗೆ ಅಳೆದು, ಇಳಿದ ಸಾಲನ್ನು ತೆಗೆದುಹಾಕಿ, ಅದರ ಜಾಗಕ್ಕೆ ಎಲೆಯಿಂದ ಹೊಸದನ್ನು ಎಬ್ಬಿಸುವ ಕ್ರಮ ಇಟ್ಟುಕೊಂಡಿದ್ದಾರೆ.